ನಮ್ಮನೆ ಕೆಲಸದ ಅಕ್ಕಂಗೆ ಅಮೆರಿಕದ ಬಿ1 ವೀಸಾ ಮಾಡಿಸಿದ್ದು: ನನ್ನ ಅನುಭವ

"ಮನೆಕೆಲಸದವರಿಗೆಲ್ಲ ಯಾರ್ರೀ ವೀಸಾ ಕೊಡ್ತಾರೆ" ಅಂತ ಇಬ್ಬರು ಏಜೆಂಟ್ರು, ನಮ್ಮ ಭಾವ, ಅಪಾರ್ಟ್‌ಮೆಂಟಲ್ಲಿ ಅರ್ಧ ಜನ ಹೇಳಿದ್ರು. ಸಿಕ್ತು. ಎರಡನೇ ಸಲಕ್ಕೆ, ಆದ್ರೆ ಸಿಕ್ತು. ಬಿ1 ಅಂದ್ರೆ ಸ್ವಲ್ಪ ಕಾಲಕ್ಕೆ ಹೋಗಿಬರೋ ವೀಸಾ, ಮನೆಯವರ ಜೊತೆ ಹೋಗೋ ಕೆಲಸದವರಿಗೂ ಕೊಡ್ತಾರೆ.

ಯಜಮಾನ್ರದ್ದು ಎಲ್1 (ಕಂಪನಿಯೋರು ತಮ್ಮ ಅಮೆರಿಕ ಆಫೀಸಿಗೆ ಕಳಿಸೋರಿಗೆ ಕೊಡೋ ವೀಸಾ), ಮಕ್ಕಳಿನ್ನೂ ಚಿಕ್ಕವು, ಅಕ್ಕ ಬರ್ದೆ ನಾನೂ ಬರಲ್ಲ ಅಂತ ಕೂತಿದ್ದೆ. ಪಾಸ್‌ಪೋರ್ಟ್ ಫೀಸು 1500, ಅದೇನ್ ದೊಡ್ಡದಲ್ಲ, ಆದ್ರೆ ಆಧಾರಲ್ಲಿ ಒಂದು ಹೆಸರು, ವೋಟರ್ ಐಡೀಲಿ ಕೊನೇ 'ಮ್ಮ' ಹಾರೋಗಿದೆ, ಹುಟ್ಟಿದ್ದು ಎಲ್ಲದ್ರಲ್ಲೂ ಜನವರಿ 1, ವರ್ಷ ಮಾತ್ರ ಬೇರೆ ಬೇರೆ. ಸರಿ ಮಾಡ್ಸೋಕೆ ಹತ್ರತ್ರ 4 ತಿಂಗಳು. ವೆರಿಫಿಕೇಶನ್‌ಗೆ ಪೊಲೀಸ್ ವಠಾರಕ್ಕೆ ಹೋದಾಗ ಅಕ್ಕ ನಮ್ಮನೇಲಿ ಚಪಾತಿ ಲಟ್ಟಿಸ್ತಿದ್ರು, 'ಮನೇಲಿಲ್ಲ' ಅಂತ ಬರ್ಕೊಂಡ್ ಹೋದ್ರು, ಮತ್ತೆ ಓಡಾಟ.

ಎಸ್ಸೆಸ್ಸೆಲ್ಸಿ ಆಗಿಲ್ಲ, ಹಂಗಾಗಿ ಪಾಸ್‌ಪೋರ್ಟಲ್ಲಿ ಇಸಿಆರ್ ಅಂತ ಬಿತ್ತು, ಅಂದ್ರೆ ಕೆಲಸಕ್ಕೆ ಹೊರದೇಶಕ್ಕೆ ಹೋಗೋ ಮುಂಚೆ ಸರ್ಕಾರದ ಒಪ್ಪಿಗೆ ಬೇಕು. ಅದು ಗಲ್ಫ್ ದೇಶಗಳೂ ಸೇರಿ 18 ದೇಶಕ್ಕೆ ಕೆಲಸಕ್ಕೆ ಹೋಗೋರಿಗೆ, ಅಮೆರಿಕಕ್ಕೆ ಅಡ್ಡಿಯಿಲ್ಲ. ನಂಗೆ ಸುಮ್ನಿರೋಕಾಗ್ಬೇಕಲ್ಲ! ಟ್ಯಾಕ್ಸ್ ಕಟ್ಟೋರಿಗೆ ಇಸಿಆರ್ ಇಲ್ಲ ಅಂತ ಗೊತ್ತಾಗಿ ಅಕ್ಕನ ಹೆಸರಲ್ಲಿ ನಿಲ್ ರಿಟರ್ನ್ (ಕಟ್ಟೋ ಟ್ಯಾಕ್ಸ್ ಸೊನ್ನೆ ಅಂತ) ಹಾಕ್ಸಿದೆ. ಟ್ಯಾಕ್ಸ್ ನಿಜವಾಗ್ಲೂ ಕಟ್ಟಿರ್ಬೇಕಂತೆ. ಆಡಿಟರ್‌ಗೆ ಕೊಟ್ಟ ಸಾವಿರ ದಂಡ.

ವೀಸಾ ಮೊದಲ್ನೇ ಸಲ ನಾವೇ ಕೆಡಿಸ್ಕೊಂಡಿದ್ದು. ಕಾಂಟ್ರಾಕ್ಟಲ್ಲಿ ಇಲ್ಲಿನ ಸಂಬಳಾನೇ ಬರೆದಿದ್ವಿ, ತಿಂಗಳಿಗೆ 18 ಸಾವಿರ. ಅಲ್ಲಿನ ಕನಿಷ್ಠ ವೇತನ ಇಲ್ಲ ಅಲ್ಲಿ ಆ ಕೆಲಸಕ್ಕೆ ನಡೀತಿರೋ ರೇಟು, ಯಾವ್ದು ಜಾಸ್ತಿನೋ ಅದನ್ನ ದಿನಕ್ಕೆ 8 ಗಂಟೆ ಲೆಕ್ಕದಲ್ಲಿ ಕೊಡ್ಬೇಕು, ಊಟ ರೂಮು ಹೋಗಿಬರೋ ಟಿಕೆಟ್ ಎಲ್ಲ ನಮ್ಮ ಮೇಲೆ. ಸಾಲದ್ದಕ್ಕೆ ಅಲ್ಲೀವರೆಗೂ ಸಂಬಳ ಕೈಗೇ ಕೊಡ್ತಿದ್ದಿದ್ದು, ನಮ್ಮಲ್ಲಿ ಕೆಲಸ ಮಾಡ್ತಿದಾರೆ ಅನ್ನೋಕೆ ಒಂದು ಚೂರು ಕಾಗದ ಇಲ್ಲ. 214ಬಿ ಚೀಟಿ, ಅಂದ್ರೆ ವೀಸಾ ಇಲ್ಲ ಅನ್ನೋ ಚೀಟಿ, ಹಿಡ್ಕೊಂಡು ವಾಪಸ್. ವೀಸಾ ಫೀಸು 185 ಡಾಲರ್, ಆಗ ಹದಿನೈದೂವರೆ ಸಾವಿರ ಇರ್ಬೇಕು, ಗೋವಿಂದ.

ಯಜಮಾನ್ರ ಪ್ರಾಜೆಕ್ಟೂ ಮುಂದಕ್ಕೆ ಹೋಯ್ತು, ಒಳ್ಳೇದೇ ಆಯ್ತು. ಒಂದು ವರ್ಷ ಪೂರ್ತಿ ತಪ್ಪದೆ ಅಕ್ಕನ ಅಕೌಂಟ್‌ಗೇ ಸಂಬಳ ಹಾಕಿದ್ವಿ. ಕಾಂಟ್ರಾಕ್ಟ್ ಇಂಗ್ಲಿಷು, ಕನ್ನಡ ಎರಡ್ರಲ್ಲೂ. ಪಾಸ್‌ಪೋರ್ಟ್ ನಾವು ಇಟ್ಕೊಳಲ್ಲ ಅಂತಾನೂ ಬರ್ದು ಪೂರ್ತಿ ಓದಿ ಹೇಳಿದ್ಮೇಲೆ ಅಕ್ಕ ಕೇಳಿದ್ದು ಒಂದೇ, "ಭಾನುವಾರ ರಜಾ ಅಂತ ಬರ್ದಿದೀರಾ ಅಮ್ಮಾ?" ಬರ್ದಿರ್ಲಿಲ್ಲ. ಸೇರಿಸ್ದೆ.

ಫೈಲಲ್ಲಿ ಯಾವ ಕಾಗದ ಮೇಲಿಟ್ವಿ, ಇಂಟರ್‌ವ್ಯೂ ಹಿಂದಿನ ವಾರ ಏನು ಮಾಡಿದ್ವಿ ಅನ್ನೋದು ಹೇಳಲ್ಲ, ಕಷ್ಟಪಟ್ಟು ಕಂಡ್ಕೊಂಡಿದ್ದು. ಸುಳ್ಳೇನೂ ಹೇಳ್ಕೊಡ್ಲಿಲ್ಲ ಬಿಡಿ. ವೀಸಾ ಆಫೀಸರ್ ಗಂಟೆಗೆ ಎಷ್ಟು ಡಾಲರ್ ಸಂಬಳ ಅಂದಿದ್ದಕ್ಕೆ ಅಕ್ಕ ಪಟ್ ಅಂತ ಹೇಳಿದ್ರಂತೆ. ಟಿಕೆಟ್ ಬಿಟ್ಟು ಎಲ್ಲಾ ಸೇರಿ 80 ಸಾವಿರದ ಆಸುಪಾಸು ಖರ್ಚು.

ಒಂದು ವಿಷ್ಯ ನಂಗ್ಯಾರೂ ಹೇಳಿರ್ಲಿಲ್ಲ. ಬಿ1 ಇದ್ರೂ ಅಲ್ಲಿ ಐ-765 (ಕೆಲಸದ ಪರ್ಮಿಟ್ ಕೇಳೋ ಅರ್ಜಿ) ಹಾಕಿ ವರ್ಕ್ ಕಾರ್ಡ್ ಬರೋವರೆಗೂ ಕೆಲಸ ಮಾಡಿಸೋ ಹಂಗಿಲ್ಲ. ಸುಮಾರು 3 ತಿಂಗಳು ಪಾತ್ರೆ ತೊಳೆದಿದ್ದು ನಾನು, ಅಕ್ಕ ಸೋಫಾ ಮೇಲೆ ಕೂತು "ತಳದಲ್ಲಿನ್ನೂ ಜಿಡ್ಡೈತೆ ನೋಡಿ ಅಮ್ಮಾ" ಅಂತಿದ್ರು.