ಶಾರ್ಡಿಂಗ್ ಇಲ್ಲದೆ 58 ಕೋಟಿ ಜಿಪಿಎಸ್ ದಾಖಲೆ: ಮೊಂಗೋಡಿಬಿಯಲ್ಲಿ ಗಂಟೆ-ಬಕೆಟ್, ನನ್ನ ಅನುಭವ

ಲಾರಿಗಳ ಜಿಪಿಎಸ್ ಪಾಯಿಂಟುಗಳನ್ನು ಮೊಂಗೋಡಿಬಿ ಡೇಟಾಬೇಸಿನಲ್ಲಿ ಇಡುತ್ತೇನೆ, ಅದರಲ್ಲಿ ಒಂದೊಂದು ದಾಖಲೆಗೂ ಡಾಕ್ಯುಮೆಂಟ್ ಎಂದು ಹೆಸರು. ಕ್ವೆರಿ ಹೇಗೆ ನಡೆಯಿತೆಂದು ತೋರಿಸುವ ಎಕ್ಸ್‌ಪ್ಲೇನ್ ಹಾಕಿ ನೋಡಿದರೆ ಹುಳುಕೇ ಇರಲಿಲ್ಲ. ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಸ್ಕ್ಯಾನ್ ಆಗುತ್ತಿತ್ತು. ನೋಡಿದ ಕೀ (ಸೂಚಿಯ ನಮೂದು) 3,600, ನೋಡಿದ ಡಾಕ್ಯುಮೆಂಟ್ 3,600, ಕೊಟ್ಟದ್ದೂ 3,600. ಆದರೂ ಒಂದು ಲಾರಿಯ ಒಂದು ದಿನದ ದಾರಿ ಮ್ಯಾಪಿನಲ್ಲಿ ಮೂಡಲು 4ರಿಂದ 6 ಸೆಕೆಂಡ್ ಹಿಡಿಯುತ್ತಿತ್ತು. ಕೇಳಿದವರೆಲ್ಲ ಹೇಳಿದ್ದು ಎರಡೇ ಮಾತು: ರ‍್ಯಾಮ್ ಏರಿಸಿ, ಇಲ್ಲವೇ ಶಾರ್ಡ್ ಮಾಡಿ (ಡೇಟಾವನ್ನು ಹಲವು ಸರ್ವರ್‌ಗಳಿಗೆ ಹಂಚಿ). ಬಕೆಟ್ ಮಾಡುತ್ತೇನೆ, ಅಂದರೆ ಒಂದು ಗಾಡಿಯ ಹಲವು ಪಾಯಿಂಟುಗಳನ್ನು ಒಂದೇ ಡಾಕ್ಯುಮೆಂಟಿನಲ್ಲಿ ಕೂಡಿಡುತ್ತೇನೆ ಎಂದಾಗ "ಅಪ್‌ಡೇಟ್ ಹೊಡೆತಕ್ಕೆ ಸರ್ವರ್ ಮಲಗುತ್ತದೆ" ಎಂದರು. ಮಲಗಲಿಲ್ಲ. ಆರು ತಿಂಗಳಿಂದ ಗಟ್ಟಿಯಾಗಿ ಓಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಕೊಟ್ಟವು, ತುಸು ಹೆಚ್ಚುಕಮ್ಮಿ ಇರಬಹುದು.

ವಾಹನ 1,800. ಹತ್ತು ಸೆಕೆಂಡಿಗೊಂದು ಪಾಯಿಂಟ್, ದಿನಕ್ಕೆ ಸರಾಸರಿ ಹತ್ತು ತಾಸು ಓಟ. ಅಂದರೆ ದಿನಕ್ಕೆ 65 ಲಕ್ಷ, 90 ದಿನಕ್ಕೆ 58 ಕೋಟಿ ಡಾಕ್ಯುಮೆಂಟ್. ಒಂದೊಂದೂ ಸುಮಾರು 200 ಬೈಟ್. ಐಡಿ, ವಾಹನ-ಸಮಯ, ಟಿಟಿಎಲ್ (ಅವಧಿ ಮುಗಿದದ್ದನ್ನು ತಾನೇ ಅಳಿಸುವುದು) ಎಂದು ಮೂರು ಇಂಡೆಕ್ಸ್ ಸೇರಿಯೇ 35 ಜಿಬಿ.

ರೋಗ ಇಂಡೆಕ್ಸಿನದ್ದಲ್ಲ, ಜೋಡಣೆಯದ್ದು. ಡಾಕ್ಯುಮೆಂಟುಗಳು ಬಂದ ಕ್ರಮದಲ್ಲೇ ಡಿಸ್ಕಿಗೆ ಇಳಿಯುತ್ತವೆ. ಒಂದೇ ಲಾರಿಯ ಎರಡು ಪಾಯಿಂಟುಗಳ ನಡುವೆ ಬೇರೆ ಗಾಡಿಗಳ ನೂರಾರು ಪಾಯಿಂಟ್ ಕೂತಿರುತ್ತವೆ. ಮೊಂಗೋಡಿಬಿಯ ಸ್ಟೋರೇಜ್ ಎಂಜಿನ್ ವೈರ್ಡ್‌ಟೈಗರ್‌ನ ಲೀಫ್ ಪೇಜ್ (ಡಿಸ್ಕಿನಿಂದ ಒಮ್ಮೆಗೆ ಓದುವ ತುಣುಕು) 32 ಕೆಬಿ. ಅಷ್ಟರಲ್ಲಿ ಆ ಲಾರಿಯದ್ದು ಒಂದು ಸಿಕ್ಕರೆ ಹೆಚ್ಚು. 3,600 ಪಾಯಿಂಟಿಗೆ ಹೆಚ್ಚುಕಮ್ಮಿ 3,600 ಪೇಜ್ ಓದು. ಡಿಸ್ಕ್ 3,000 ಐಒಪಿಎಸ್‌ನದ್ದಾದರೆ (ಸೆಕೆಂಡಿಗೆ ಅಷ್ಟು ಓದು-ಬರಹ) ಬೇರೆ ಯಾರೂ ಮುಟ್ಟದಿದ್ದರೂ ಸೆಕೆಂಡಿನ ಮೇಲಾಯಿತು. 16 ಜಿಬಿ ಮೆಮೊರಿಯ ಮೂರು ನೋಡ್‌ಗಳನ್ನು (ಒಂದೇ ಡೇಟಾದ ಪ್ರತಿ ಇಟ್ಟ ಸರ್ವರ್‌ಗಳು) 64 ಜಿಬಿಗೆ ಏರಿಸಿದಾಗ ಎರಡು ತಿಂಗಳು ಸುಮ್ಮನಿತ್ತು, ಆಮೇಲೆ ಹಳೆಯ ಕಥೆ. ತಿಂಗಳ ಬಿಲ್ 40 ಸಾವಿರದಿಂದ 1.4 ಲಕ್ಷಕ್ಕೆ ಹೋಯಿತು. ಎರಡು ಶಾರ್ಡ್ ಎಂದರೆ ತಲಾ ಮೂರು, ಯಾವ ಡೇಟಾ ಎಲ್ಲಿದೆ ಎಂಬ ಲೆಕ್ಕ ಇಡುವ ಕಾನ್ಫಿಗ್ ಸರ್ವರ್ ಮೂರು, ಒಟ್ಟು ಒಂಬತ್ತು ನೋಡ್. ಅದರ ಅಂದಾಜು 3 ಲಕ್ಷದ ಹತ್ತಿರ.

ಮೊದಲು ದಿನಕ್ಕೊಂದು ಬಕೆಟ್ ಮಾಡಿ ಕೆಟ್ಟೆ. ಒಂದು ಪಾಯಿಂಟ್ 38 ಬೈಟ್, ಸಂಜೆಯ ಹೊತ್ತಿಗೆ ಡಾಕ್ಯುಮೆಂಟ್ 137 ಕೆಬಿ. ಚೆಕ್‌ಪಾಯಿಂಟ್ (ಮೆಮೊರಿಯ ಬದಲಾವಣೆಗಳನ್ನು ಡಿಸ್ಕಿಗೆ ಇಳಿಸುವುದು) 60 ಸೆಕೆಂಡಿಗೊಮ್ಮೆ. ಅಷ್ಟರಲ್ಲಿ ಓಡುವ ಗಾಡಿಗಳ ಬಕೆಟ್ ಎಲ್ಲವೂ ಬದಲಾಗಿರುತ್ತದೆ, ಹಾಗಾಗಿ ನಿಮಿಷಕ್ಕೆ 250 ಎಂಬಿಯವರೆಗೆ ಬರೆಯಬೇಕು. 16 ಜಿಬಿ ಯಂತ್ರದಲ್ಲಿ ಕ್ಯಾಶ್ 7.5 ಜಿಬಿ, ಡರ್ಟಿ (ಇನ್ನೂ ಡಿಸ್ಕಿಗೆ ಇಳಿಯದ) ಪ್ರಮಾಣ ಮತ್ತೆ ಮತ್ತೆ ಶೇ. 5 ದಾಟಿ ಎವಿಕ್ಷನ್ (ಕ್ಯಾಶ್ ತೆರವು ಮಾಡುವ ಕೆಲಸ) ನಿಲ್ಲಲೇ ಇಲ್ಲ. ಗಂಟೆಗೊಂದು ಬಕೆಟ್ ಎಂದಾಗ 360 ಪಾಯಿಂಟ್, 14 ಕೆಬಿ. 1,800 ಗಾಡಿ ಒಟ್ಟಿಗೆ ಓಡಿದರೂ 25 ಎಂಬಿ. ಅಲ್ಲಿಗೆ ಎಲ್ಲ ತಣ್ಣಗಾಯಿತು.

38 ಬೈಟಿಗೆ ಇಳಿದದ್ದು ಹೀಗೆ: ಫೀಲ್ಡ್ ಹೆಸರು ಒಂದೊಂದೇ ಅಕ್ಷರ, ಏಕೆಂದರೆ ಮೊಂಗೋಡಿಬಿ ಡೇಟಾ ಇಡುವ ರೂಪವಾದ ಬಿಎಸ್‌ಒಎನ್ ಅರೇಯ (ಪಟ್ಟಿಯ) ಪ್ರತಿ ಅಂಶದಲ್ಲೂ ಹೆಸರನ್ನು ಮತ್ತೆ ಬರೆಯುತ್ತದೆ. ಅಕ್ಷಾಂಶ, ರೇಖಾಂಶವನ್ನು ಹತ್ತು ಲಕ್ಷದಿಂದ ಗುಣಿಸಿ 32 ಬಿಟ್ ಪೂರ್ಣಾಂಕ. ಸಮಯಕ್ಕೆ ಡೇಟ್ ಬೇಡ, ಗಂಟೆಯ ಆರಂಭದಿಂದ ಎಷ್ಟು ಸೆಕೆಂಡ್ ಎಂಬುದಷ್ಟೇ. ಗುಣಿಸಿದ ಮೇಲೆ ರೌಂಡ್ ಮಾಡಲು ಮರೆತರೆ ನೋಡ್.ಜೆಎಸ್ ಡ್ರೈವರ್ ಅದನ್ನು ಡಬಲ್ (8 ಬೈಟಿನ ದಶಮಾಂಶ ಸಂಖ್ಯೆ) ಮಾಡಿಯೇ ಕಳಿಸುತ್ತದೆ. ನನಗೆ ಒಂದು ವಾರ ಹಾಗೇ ಹೋಯಿತು.

ಗೆಲುವಿನ ಅರ್ಧ ಐಡಿಯಲ್ಲಿದೆ. ವಾಹನ ಸಂಖ್ಯೆ ಮತ್ತು ಗಂಟೆಯನ್ನು ಸೇರಿಸಿ "01042:2024061509" ಎಂಬ ಸ್ಟ್ರಿಂಗನ್ನೇ ಐಡಿ ಮಾಡಿದೆ. ಅದರ ಮೇಲೆ ರೇಂಜ್ ಕ್ವೆರಿ (ಇಲ್ಲಿಂದ ಇಲ್ಲಿಯವರೆಗೆ ಎಂಬ ಹುಡುಕಾಟ), ದಾರಿ ತೋರಿಸಲು ಬೇರೆ ಇಂಡೆಕ್ಸ್ ಬೇಡವೇ ಬೇಡ. ಮುಂದೆ ಸೊನ್ನೆ ತುಂಬದಿದ್ದರೆ 9 ಹೋಗಿ 10ರ ನಂತರ ಕೂರುತ್ತದೆ. ಸ್ಟ್ರಿಂಗ್‌ಗೆ ಮೊದಲು ಐಡಿಯನ್ನು ಒಳಡಾಕ್ಯುಮೆಂಟ್ ಮಾಡಿದ್ದೆ. ಇನ್ನೊಂದು ಸರ್ವಿಸ್ ಫೀಲ್ಡುಗಳನ್ನು ತಿರುವುಮುರುವು ಬರೆದು ಒಂದೇ ಗಂಟೆಗೆ ಎರಡು ಬಕೆಟ್ ಹುಟ್ಟಿದವು, ಫೀಲ್ಡ್ ಕ್ರಮ ಬದಲಾದರೆ ಅದು ಬೇರೆಯೇ ಮೌಲ್ಯ. ಗಂಟೆ ಭಾರತೀಯ ಸಮಯದ್ದೇ ಇರಲಿ. ಯುಟಿಸಿ (ಜಾಗತಿಕ ಸಮಯ) ಇಟ್ಟರೆ ನಮ್ಮ ದಿನ 18:30ಕ್ಕೆ ಶುರುವಾಗಿ ಎರಡೂ ತುದಿಯಲ್ಲಿ ಅರ್ಧರ್ಧ ಬಕೆಟ್ ಕತ್ತರಿಸುವ ಕೆಲಸ ಬೀಳುತ್ತದೆ.

ಬರೆಯುವಾಗ ಆರು ಪಾಯಿಂಟ್ ಕೂಡಿಸಿ ಪುಶ್-ಈಚ್ (ಅರೇಗೆ ಹಲವು ಅಂಶ ಸೇರಿಸುವುದು) ಜೊತೆ ಅಪ್‌ಸರ್ಟ್ (ಬಕೆಟ್ ಇದ್ದರೆ ಬದಲಿಸು, ಇಲ್ಲದಿದ್ದರೆ ಹುಟ್ಟಿಸು), ಬಲ್ಕ್‌ರೈಟ್ (ಹಲವು ಬರಹ ಒಟ್ಟಿಗೆ) ಆರ್ಡರ್ಡ್ ಇಲ್ಲದೆ, ಅಂದರೆ ಸಾಲಿನ ಕ್ರಮಕ್ಕೆ ಕಾಯದೆ. ಪುಶ್ ಎರಡು ಸಲ ನಡೆದರೆ ಎರಡು ಸಲ ಸೇರುತ್ತದೆ. ಅದಕ್ಕೆ ಪ್ರತಿ ಕಂತಿಗೂ ಏರುವ ಸಂಖ್ಯೆ ಕೊಟ್ಟು, "ಬಕೆಟ್‌ನಲ್ಲಿರುವ ಸಂಖ್ಯೆ ಇದಕ್ಕಿಂತ ಕಡಿಮೆ" ಎಂಬ ಶರತ್ತನ್ನು ಫಿಲ್ಟರಿಗೆ ಸೇರಿಸಿದೆ. ಆಗಲೇ ಬರೆದ ಕಂತು ಮತ್ತೆ ಬಂದರೆ ಫಿಲ್ಟರ್ ತಾಗದೆ ಅಪ್‌ಸರ್ಟ್ ಇನ್ಸರ್ಟಿಗೆ ಹೋಗಿ ಇ11000 (ಅದೇ ಐಡಿ ಆಗಲೇ ಇದೆ ಎಂಬ ಎರರ್) ಬೀಳುತ್ತದೆ. ಆ ಎರರ್ ಬಂದರೆ ಕೆಲಸ ಮುಗಿದಿದೆ ಎಂದರ್ಥ. ಒಂದು ಗಾಡಿಯನ್ನು ಒಂದೇ ವರ್ಕರ್ (ಬರೆಯುವ ಪ್ರೋಗ್ರಾಂ) ನೋಡಿಕೊಂಡರೆ ಮಾತ್ರ ಇದು ನಡೆಯುತ್ತದೆ. ಎಲ್ಲ ಗಾಡಿಗಳೂ ನಿಮಿಷದ ತುದಿಯಲ್ಲೇ ಬರೆಯದಂತೆ ಹಂಚಿದ ಸೂತ್ರ ನನ್ನಲ್ಲೇ ಇರಲಿ.

ಶಿರಾಡಿ ಘಾಟಿಯಂಥ ಕಡೆ ನೆಟ್‌ವರ್ಕ್ ಕಳೆದುಕೊಂಡ ಗಾಡಿ ಆಮೇಲೆ ಒಮ್ಮೆಲೇ ಸುರಿಯುತ್ತದೆ. ಅವು ಕೀ ಪ್ರಕಾರ ಹಳೆಯ ಬಕೆಟ್‌ಗೇ ಸೇರಲಿ, ಆದರೆ ಪುಶ್‌ನಲ್ಲಿ ಸಾರ್ಟ್ ಹಾಕಬೇಡಿ. ಕ್ರಮ ಕದಲಿದರೆ ಇಡೀ ಅರೇ ಓಪ್‌ಲಾಗಿಗೆ (ಬೇರೆ ನೋಡ್‌ಗಳು ನಕಲು ಮಾಡಿಕೊಳ್ಳುವ ಬದಲಾವಣೆಗಳ ದಿನಚರಿಗೆ) ಹೋಗುತ್ತದೆ. ನನ್ನ ಓಪ್‌ಲಾಗ್ ಕಿಟಕಿ (ಅದರಲ್ಲಿ ಉಳಿಯುವ ಅವಧಿ) ಎರಡು ದಿನದಿಂದ ಅರ್ಧ ದಿನಕ್ಕೆ ಕುಗ್ಗಿತ್ತು. ಸಾರ್ಟ್ ಓದುವಾಗ ಮಾಡಿದರಾಯಿತು, 360 ಅಂಶ ಯಾವ ಲೆಕ್ಕ.

ನಡುವೆ ಮೊಂಗೋಡಿಬಿಯದ್ದೇ ಟೈಮ್ ಸೀರೀಸ್ ಕಲೆಕ್ಷನ್ನೂ (ಸಮಯವಾರು ಡೇಟಾಗೆಂದೇ ಇರುವ ಡಾಕ್ಯುಮೆಂಟುಗಳ ಗುಂಪು) ಪರೀಕ್ಷಿಸಿದೆ. ಗಾತ್ರ ಚೆನ್ನಾಗಿ ಇಳಿಯಿತು. ಯೂನಿಕ್ ಇಂಡೆಕ್ಸ್ ಹಾಕಲಾಗದ ಕಾರಣ ಡೂಪ್ಲಿಕೇಟ್ ತಡೆಯಲು ದಾರಿ ಕಾಣದೆ ಬಿಟ್ಟೆ. ಝಡ್‌ಸ್ಟಾಂಡರ್ಡ್ ಕಂಪ್ರೆಷನ್ ಮಾತ್ರ ಉಳಿಸಿಕೊಂಡೆ, ಮೊಂಗೋಡಿಬಿ 4.2ರಿಂದ ಇದೆ, ಕಲೆಕ್ಷನ್ ಹುಟ್ಟಿಸುವಾಗಲೇ ಕೊಡಬೇಕು. ಟಿಟಿಎಲ್ ತೆಗೆದು ತಿಂಗಳಿಗೊಂದು ಕಲೆಕ್ಷನ್ ಮಾಡಿದೆ, ಹಳತನ್ನು ಡ್ರಾಪ್ ಮಾಡಿದರೆ ಜಾಗ ಆಗಲೇ ವಾಪಸ್.

ಹಳೆಯ ಡೇಟಾ ಸಾಗಿಸುವಾಗ ವಾಹನವಾರು ಓದಲು ಹೋಗಬೇಡಿ. ಅದೇ ಪೇಜ್ ಕಾಟ, ಎರಡು ದಿನ ದಾಟುವ ಲೆಕ್ಕ ಬಂತು. ನ್ಯಾಚುರಲ್ ಕ್ರಮದಲ್ಲಿ (ಡಿಸ್ಕಿಗೆ ಇಳಿದ ಸಾಲಿನಲ್ಲೇ) ಓದಿ ಗಂಟೆಗಂಟೆಗೆ ಮೆಮೊರಿಯಲ್ಲಿ ಗುಂಪು ಮಾಡಿದೆ, ಏಳು ತಾಸು.

58 ಕೋಟಿ ಡಾಕ್ಯುಮೆಂಟ್ 16 ಲಕ್ಷಕ್ಕೆ ಇಳಿದವು. ಡಿಸ್ಕಿನಲ್ಲಿ 9 ಜಿಬಿ, ಇಂಡೆಕ್ಸ್ 60 ಎಂಬಿ. ದಿನದ ದಾರಿಗೆ ಹತ್ತು ಡಾಕ್ಯುಮೆಂಟ್, 30 ಮಿಲಿಸೆಕೆಂಡ್. ಯಂತ್ರಗಳು ಮತ್ತೆ 16 ಜಿಬಿಗೆ, ಬಿಲ್ 45 ಸಾವಿರಕ್ಕೆ. ಶಾರ್ಡ್ ಮಾಡಿ ಎಂದವರಲ್ಲಿ ಇಬ್ಬರು ಈಗ ಇದೇ ಐಡಿ ಬಳಸುತ್ತಿದ್ದಾರೆ.

ಕಳೆದುಕೊಂಡದ್ದು ಒಂದೇ: ಬಿಡಿ ಪಾಯಿಂಟುಗಳ ಮೇಲಿದ್ದ ಜಾಗದ ಹುಡುಕಾಟ. "ನಿನ್ನೆ ಈ ಗೋದಾಮಿನ ಹತ್ತಿರ ಯಾವ ಗಾಡಿ ಬಂದಿತ್ತು" ಎಂಬುದಕ್ಕೆ ಈಗ ಮ್ಯಾಪನ್ನು ಚೌಕಗಳಾಗಿ ಕತ್ತರಿಸಿ, ಆ ಗಂಟೆಯಲ್ಲಿ ಗಾಡಿ ಹೊಕ್ಕ ಚೌಕಗಳ ಸಂಖ್ಯೆಯನ್ನು ಆಡ್-ಟು-ಸೆಟ್ (ಇಲ್ಲದಿದ್ದರೆ ಮಾತ್ರ ಸೇರಿಸುವುದು) ಮೂಲಕ ಬಕೆಟ್‌ನಲ್ಲೇ ಇಟ್ಟು, ಅದಕ್ಕೊಂದು ಇಂಡೆಕ್ಸ್ ಹಾಕಿದ್ದೇನೆ. ಚೌಕ ತೀರಾ ಸಣ್ಣದಾದರೆ ಹೆದ್ದಾರಿ ಲಾರಿಗೆ ಗಂಟೆಗೆ ನೂರಾರು ಸಂಖ್ಯೆ ಸೇರಿ ಇಂಡೆಕ್ಸ್ ಮತ್ತೆ ಊದುತ್ತದೆ. ದೊಡ್ಡದಾದರೆ ಸುಮ್ಮನೆ ಹಾದುಹೋದ ಗಾಡಿಗಳೆಲ್ಲ ಪಟ್ಟಿಗೆ ಬರುತ್ತವೆ. ನಿಮ್ಮ ಗಾಡಿಗಳ ವೇಗ ನೋಡಿ ನೀವೇ ಅಳೆದುಕೊಳ್ಳಿ.