ಹಲವು ದೇಶಗಳ ಕಚೇರಿಗಳಿಗೆ ಒಂದೇ ಉಡುಗೊರೆ ನಿಯಮ ರೂಪಿಸಿದ ಬಗೆ

ಹಲವು ದೇಶಗಳಲ್ಲಿ ಕಚೇರಿಗಳಿರುವ ಕಂಪನಿಯೊಂದರಲ್ಲಿ ಉಡುಗೊರೆ, ಆತಿಥ್ಯ ಮತ್ತು ಸರ್ಕಾರಿ ಇಲಾಖೆಗಳೊಂದಿಗಿನ ವ್ಯವಹಾರಕ್ಕೆ ನಿಯಮ ರೂಪಿಸುವ ಹೊಣೆ ನನ್ನದಾಗಿತ್ತು. ದೊಡ್ಡ ಲಂಚ ತಪ್ಪೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ತೊಡಕಿದ್ದದ್ದು ಹಬ್ಬದ ಉಡುಗೊರೆಯಲ್ಲಿ ಮತ್ತು ಕಸ್ಟಮ್ಸ್‌ನಲ್ಲಿ ಕಡತ ಬೇಗ ಸರಿಯಲೆಂದು ಕೊಡುವ ಸಣ್ಣ ಮೊತ್ತದಲ್ಲಿ.

ಈ ಸಣ್ಣ ಮೊತ್ತದ ವಿಷಯದಲ್ಲಿ ಕಾನೂನುಗಳೂ ಒಂದೇ ದಾರಿಯಲ್ಲಿಲ್ಲ. ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ಅಪರಾಧವಾಗಿಸಿದ ಅಮೆರಿಕದ 1977ರ ಕಾಯ್ದೆಯು, ಅಧಿಕಾರಿ ಹೇಗೂ ಮಾಡಲೇಬೇಕಾದ ದೈನಂದಿನ ಕೆಲಸವನ್ನು ಚುರುಕುಗೊಳಿಸಲು ಕೊಡುವ ಹಣಕ್ಕೆ ವಿನಾಯಿತಿ ನೀಡುತ್ತದೆ. ಬ್ರಿಟನ್ನಿನ 2010ರ ಲಂಚ ಕಾಯ್ದೆಯಲ್ಲಿ ಅಂಥ ವಿನಾಯಿತಿಯಿಲ್ಲ. ಮೇಲಾಗಿ, ಕಂಪನಿಯ ವ್ಯವಹಾರಕ್ಕಾಗಿ ಏಜೆಂಟ್ ಲಂಚ ಕೊಟ್ಟರೂ, ಅದನ್ನು ತಡೆಯಲು ಸಾಕಷ್ಟು ವ್ಯವಸ್ಥೆ ಮಾಡಿದ್ದೆವೆಂದು ಸಾಬೀತುಪಡಿಸದಿದ್ದರೆ ಕಂಪನಿಯೇ ಹೊಣೆಯಾಗುತ್ತದೆ. ನಾವು ಎರಡರಲ್ಲಿ ಕಠಿಣವಾದುದನ್ನೇ ಎಲ್ಲೆಡೆ ಅನ್ವಯಿಸಿದೆವು.

‘ಅಲ್ಲಿನ ಸಂಸ್ಕೃತಿಯೇ ಹಾಗೆ’ ಎಂಬ ಆಕ್ಷೇಪ ಕೂಡಲೇ ಬಂತು. ಆದರೆ ತನ್ನ ಅಧಿಕಾರಿಗಳಿಗೆ ಲಂಚ ಕೊಡಬಹುದೆಂದು ಬರೆದಿಟ್ಟ ಕಾನೂನು ನಮ್ಮ ಪಟ್ಟಿಯ ಯಾವ ದೇಶದಲ್ಲೂ ಸಿಗಲಿಲ್ಲ. ಈ ವಾದವನ್ನು ಹೆಚ್ಚಾಗಿ ಹೂಡುತ್ತಿದ್ದವರು ಹೊರಗಿನಿಂದ ಹೋಗಿ ಮಾರಾಟದ ಗುರಿ ಮುಟ್ಟಲು ತವಕಿಸುತ್ತಿದ್ದ ವ್ಯವಸ್ಥಾಪಕರು ಎಂಬುದನ್ನೂ ಇಲ್ಲಿ ಹೇಳಬೇಕು.

ಉಡುಗೊರೆಯ ಮಾತು ಬೇರೆ. ನಾಲ್ಕು ಜನರೆದುರು ಕೊಟ್ಟದ್ದನ್ನು ನಿರಾಕರಿಸಿದರೆ ಕೊಟ್ಟವರಿಗೆ ನಿಜಕ್ಕೂ ಅವಮಾನವಾಗುವ ಸಮಾಜಗಳಿವೆ. ಹಾಗಾಗಿ ಉಡುಗೊರೆಯನ್ನು ಕಂಪನಿಯ ಹೆಸರಿನಲ್ಲಿ ಸ್ವೀಕರಿಸಿ, ವಹಿಯಲ್ಲಿ ದಾಖಲಿಸಿ, ಸಿಬ್ಬಂದಿಗೆ ಹಂಚಬೇಕೆಂದು ನಿಶ್ಚಯಿಸಿದೆವು. ನಾವು ಕೊಡುವುದಾದರೆ ಕಚೇರಿಗೆ, ಬಹಿರಂಗವಾಗಿ ಕೊಡಬೇಕು. ನಗದು ಕೂಡದು, ಟೆಂಡರ್ ತೀರ್ಮಾನವಾಗದೆ ಉಳಿದಿರುವಾಗ ಏನೂ ಕೂಡದು. ಮೌಲ್ಯದ ಮಿತಿಯನ್ನು ಡಾಲರಿನಲ್ಲಿ ಏಕರೂಪವಾಗಿ ಗೊತ್ತುಪಡಿಸಬೇಕೆಂದು ಕೇಂದ್ರ ಕಚೇರಿ ಬಯಸಿತ್ತು. ಒಂದು ದೇಶದಲ್ಲಿ ಯಾರೂ ಗಮನಿಸದ ಮೊತ್ತ ಇನ್ನೊಂದು ದೇಶದ ಗುಮಾಸ್ತರಿಗೆ ತಿಂಗಳ ಸಂಬಳದಷ್ಟಾಗಬಹುದು ಎಂದು ವಾದಿಸಿ, ಮಿತಿಯನ್ನು ಆಯಾ ದೇಶದ ವೇತನಮಟ್ಟಕ್ಕೆ ಹೊಂದಿಸಿದೆವು. ತತ್ವ ಒಂದೇ, ಅಂಕಿ ಮಾತ್ರ ಬೇರೆ.

ಕಸ್ಟಮ್ಸ್ ಸಮಸ್ಯೆಗೆ ತರಬೇತಿಗಿಂತ ಹೆಚ್ಚು ನೆರವಾದದ್ದು ವೇಳಾಪಟ್ಟಿ. ಸರಕು ತಲುಪಿಸುವ ಗಡುವಿನಲ್ಲಿ ಕಾಯುವ ದಿನಗಳನ್ನೂ ಸೇರಿಸಿದೆವು; ಹಣ ಕೊಡದ ಕಾರಣಕ್ಕೆ ತಡವಾದರೆ ಯಾರ ಬಡ್ತಿಗೂ ಧಕ್ಕೆಯಿಲ್ಲವೆಂದು ಲಿಖಿತವಾಗಿ ತಿಳಿಸಿದೆವು. ಹಣ ಕೇಳಿದಾಗ ಅಧಿಕೃತ ರಸೀದಿ ಕೋರಬೇಕೆಂಬ ಸೂಚನೆಯಿಂದಲೇ ಅನೇಕ ಬೇಡಿಕೆಗಳು ಅಲ್ಲಿಗೇ ನಿಂತವು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಕೊಟ್ಟು, ತಕ್ಷಣ ವರದಿ ಮಾಡಿ, ಲೆಕ್ಕಪತ್ರದಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಬೇಕು. ಕೆಲವು ಗುತ್ತಿಗೆಗಳು ಕೈತಪ್ಪಿದವು. ಮಾರಾಟ ವಿಭಾಗದವರು ಅದನ್ನು ಇಂದಿಗೂ ಎತ್ತಿ ಆಡುತ್ತಾರೆ.

ಬಗೆಹರಿಸಲು ಹೆಚ್ಚು ಕಾಲ ಹಿಡಿದದ್ದು ದೂರಿನ ವ್ಯವಸ್ಥೆ. ಹಿರಿಯರ ತಲೆಯ ಮೇಲಿಂದ ದೂರು ಕೊಡುವುದನ್ನು ದ್ರೋಹವೆಂದೇ ಬಗೆಯುವ ಕಡೆಗಳಲ್ಲಿ ದೂರವಾಣಿ ಮೌನವಾಗಿತ್ತು. ದೂರು ಕೊಡುವುದರ ಬದಲು ಮುಂಚಿತವಾಗಿ ಸಲಹೆ ಕೇಳುವುದಕ್ಕೆ, ಅದೂ ಅವರವರ ಭಾಷೆಯಲ್ಲೇ, ಅದೇ ಸಂಖ್ಯೆಯನ್ನು ತೆರೆದಿಟ್ಟ ಮೇಲೆ ಕರೆಗಳು ಬರತೊಡಗಿದವು. ಅವುಗಳಲ್ಲಿ ಹೆಚ್ಚಿನವು, ಇಂಥವರಿಗೆ ಇಂಥದ್ದನ್ನು ಕೊಡಬಹುದೇ ಎಂಬ ಸರಳ ಪ್ರಶ್ನೆಗಳು.