ಉದುರಿದ ಬಾದಾಮಿ ಎಲಿಯಿಂದ ಸಣ್ಣ ಅನಿಮೇಷನ್

ಸಂಕ್ರಾಂತಿ ಆಜೂಬಾಜೂ ನಮ್ಮ ಬೆಳಗಾವ್ಯಾಗ ಕಾಡುಬಾದಾಮಿ ಎಲಿ ಕೆಂಪಾಗಿ ಉದುರತಾವ. ಕಸ ಅಂತ ಸುಡಬ್ಯಾಡ್ರಿ, ಹುಡುಗರ ಕೈಯಾಗ ಕೊಡ್ರಿ.

ಒಂದೇ ಗಿಡದ ಕೆಳಗ ಹಳದಿ, ಕೆಂಪು, ಕಂದು ಎಲ್ಲಾ ಸಿಗತಾವ. ಹಸರು ಬೇಕಂದ್ರ ನಾಕೈದು ಕಿತ್ತುಕೋರಿ. ಪೇಪರಿನಾಗ ಇಟ್ಟು, ಮ್ಯಾಲೆ ದಪ್ಪ ಪುಸ್ತಕ ಹೇರಿ ಎರಡು ದಿನ ಬಿಡ್ರಿ. ಇಲ್ಲಾಂದ್ರ ಶೂಟಿಂಗ್ ನಡುವನ ಮುದುಡತಾವ. ಆಮ್ಯಾಲೆ ಹಸರಿಂದ ಕಂದಿನ ತನಕ ಬಣ್ಣದ ಪ್ರಕಾರ ಜೋಡಿಸಿಕೊಂಡು, ಒಂದು ಎಲಿ ಇಡೋದು, ಫೋಟೋ ಹೊಡೆಯೋದು, ತೆಗೆದು ಅದೇ ಜಾಗಾದಾಗ ಮುಂದಿನದು ಇಡೋದು. ತೊಟ್ಟು ಮತ್ತು ನಡುನರ ಒಂದೇ ಗೆರಿ ಮ್ಯಾಲೆ ಬರಬೇಕು, ಹಾಳಿ ಮ್ಯಾಲೆ ಪೆನ್ಸಿಲ್ ಗುರುತು ಹಾಕ್ರಿ. ಫೋಟೋ ಎಲ್ಲಾ ಸಾಲಾಗಿ ಓಡಿಸಿ ನೋಡಿದ್ರ ಒಂದೇ ಎಲಿ ಉಸಿರಾಡಿಕೋತ ಹಣ್ಣಾದಂಗ ಕಾಣತದ. ಸೆಕೆಂಡಿಗೆ 12 ಫೋಟೋ ಅಂದ್ರ 10 ಸೆಕೆಂಡಿಗೆ 120. ಪ್ರತಿ ಎಲಿಗೆ ಎರಡು ಹೊಡೆದ್ರ 60 ಎಲಿ ಸಾಕು.

ಫೋನಿಗೆ ಸ್ಟ್ಯಾಂಡ್ ಬ್ಯಾಡ, ಎರಡು ಡಬ್ಬಿ ನಡುವ ಅಡ್ಡ ಇಟ್ಟರ ಆತು. ಫೋಕಸ್, ಬೆಳಕು ಎರಡೂ ಲಾಕ್ ಮಾಡ್ರಿ. ಕಿಟಕಿ ಬೆಳಕು ನಂಬಬ್ಯಾಡ್ರಿ. ಮೋಡ ಬಂದು ಹೋದ್ರ ವಿಡಿಯೋ ಮಿಣಮಿಣ ಅಂತದ. ಕದಾ ಹಾಕಿ ಟೇಬಲ್ ಲ್ಯಾಂಪ್ ಹಚ್ಚೋದು ಚಲೋ.

ಫ್ಯಾನ್ ಸ್ವಿಚ್ಚಿಗೆ ಮಾತ್ರ ಟೇಪ್ ಹಚ್ಚ್ರಿ. ನಮ್ಮ 80ನೇ ಫೋಟೋಕ್ಕ ನಮ್ಮವ್ವ ಸೆಕಿ ಅಂತ ಫ್ಯಾನ್ ಹಾಕಿದ್ಳು!

ಅರಳಿ ಎಲಿ ಮೂರ್ನಾಕು ವಾರ ನೀರಾಗ ನೆನೆಸಿ (ಹಿತ್ತಲದಾಗ ಇಡ್ರಿ, ನಾರತದ) ಹಳೇ ಬ್ರಷ್‌ಲೇ ಮೆತ್ತಗ ಉಜ್ಜಿದ್ರ ಬರೇ ನರದ ಜಾಳಿಗಿ ಉಳೀತದ. ಅದರ ಹಿಂದ ಟಾರ್ಚ್ ಸರಿಸಿಕೋತ ಫೋಟೋ ಹೊಡೀರಿ, ಗ್ವಾಡಿ ಮ್ಯಾಲೆ ಅದರ ನೆರಳು ಬೋಳುಗಿಡದಂಗ ಬೆಳೀತದ.